ಹೊಸ್ತಿಲಾಚೆಯ ಎಂಟುನೂರು ಮೀಟರ್

ಹೀಗೊಂದು ಮನೆ ಅಂದುಕೊಳ್ಳಿ. ಹಿತ್ತಲಿಗೆ ಹೊಂದಿಕೊಂಡು ಬಡಾವಣೆಯ ಕಾಂಪೌಂಡ್ ಗೋಡೆ, ಗೋಡೆಯಾಚೆ ಒಂದು ರಸ್ತೆ, ಆ ರಸ್ತೆಯಲ್ಲಿ ತರಕಾರಿ ಅಂಗಡಿ. ನಕ್ಷೆಯ ಮೇಲೆ ನೆಟ್ಟಗೆ ಗೆರೆ ಎಳೆದರೆ 200 ಮೀಟರ್. ಆದರೆ ಬಡಾವಣೆಗೆ ಇರುವುದು ಒಂದೇ ಗೇಟು, ಅದೂ ಇನ್ನೊಂದು ತುದಿಯಲ್ಲಿ. ಅಲ್ಲಿಂದ ಹೊರಬಿದ್ದು ಮುಖ್ಯರಸ್ತೆ ಸುತ್ತಿಕೊಂಡು ಅಂಗಡಿ ಮುಟ್ಟುವಷ್ಟರಲ್ಲಿ 1,400 ಮೀಟರ್ ಆಗಿರುತ್ತದೆ. ಸಾಧಾರಣ ನಡಿಗೆಗೆ ನಿಮಿಷಕ್ಕೆ 80 ಮೀಟರ್ ಲೆಕ್ಕ ಹಿಡಿದರೆ, ಎರಡೂವರೆ ನಿಮಿಷದ ದಾರಿ ಹದಿನೇಳೂವರೆ ನಿಮಿಷಕ್ಕೆ ಬೆಳೆಯಿತು. ಆ ಮನೆಯವರು ಗಾಡಿ ತೆಗೆಯುತ್ತಾರೆ. ಗಾಡಿ ತೆಗೆದು ಹೋಗುವವರು ದಿನಾ ಹೋಗುವುದಿಲ್ಲ, ವಾರಕ್ಕೊಮ್ಮೆ ಹೋಗುತ್ತಾರೆ. ವಾರಕ್ಕೊಮ್ಮೆಯ ಚೀಲದಲ್ಲಿ ಬಾಡುವ ಸೊಪ್ಪಿಗೆ ಜಾಗ ಕಡಿಮೆ, ಕೆಡದ ಪೊಟ್ಟಣಕ್ಕೆ ಜಾಗ ಜಾಸ್ತಿ. ಒಂದೇ ಒಂದು ಗೋಡೆ ಕಾಲನ್ನೂ ಕಟ್ಟಿಹಾಕಿತು, ತಟ್ಟೆಯನ್ನೂ ಬದಲಿಸಿತು.

ಬೊಜ್ಜಿನ ಬಗ್ಗೆ ಮಾತಾಡುವಾಗ ಈ ಗೋಡೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮನಸ್ಸು ಗಟ್ಟಿ ಇರಬೇಕು, ಬಾಯಿ ಕಟ್ಟಬೇಕು, ಬೆಳಗ್ಗೆ ಬೇಗ ಏಳಬೇಕು ಎನ್ನುವಲ್ಲಿಗೆ ಮಾತು ಮುಗಿದುಬಿಡುತ್ತದೆ. 2022ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 250 ಕೋಟಿ ವಯಸ್ಕರ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿತ್ತು, ಅವರಲ್ಲಿ ಸುಮಾರು 89 ಕೋಟಿ ಜನರಿಗೆ ಬೊಜ್ಜು ಇತ್ತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟೊಂದು ಜನರ ಮನೋಬಲ ಎರಡು ಮೂರು ತಲೆಮಾರಿನೊಳಗೆ ಒಟ್ಟಿಗೇ ಕುಸಿಯಿತು ಎಂದು ನಂಬುವುದು ಕಷ್ಟ. ಅವರ ಸುತ್ತಲಿನ ಜಗತ್ತು ಬದಲಾಯಿತು ಎಂದು ನಂಬುವುದು ಸುಲಭ. 1999ರಲ್ಲಿ ಬಾಯ್ಡ್ ಸ್ವಿನ್‌ಬರ್ನ್, ಗ್ಯಾರಿ ಎಗ್ಗರ್ ಮತ್ತು ಫೆಝೀಲಾ ರಝಾ ಎಂಬ ಸಂಶೋಧಕರು ಇದಕ್ಕೊಂದು ಚೌಕಟ್ಟು ಕೊಟ್ಟರು. ಬೊಜ್ಜು ತರಿಸುವ ಪರಿಸರವನ್ನು ನಾಲ್ಕು ಪ್ರಶ್ನೆಗಳಿಂದ ಅಳೆಯಬಹುದು ಎಂದರು: ಸುತ್ತ ಏನು ಸಿಗುತ್ತದೆ, ಅದಕ್ಕೆ ಎಷ್ಟು ಖರ್ಚಾಗುತ್ತದೆ, ನಿಯಮಗಳು ಏನು ಹೇಳುತ್ತವೆ, ಸುತ್ತಲಿನವರು ಯಾವುದನ್ನು ಸಹಜ ಎಂದುಕೊಂಡಿದ್ದಾರೆ. ಇಪ್ಪತ್ತೈದು ವರ್ಷ ಕಳೆದರೂ ಇದಕ್ಕಿಂತ ಬಳಕೆಗೆ ಬರುವ ಪ್ರಶ್ನೆಗಳು ನನಗೆ ಕಂಡಿಲ್ಲ.

ಮೊದಲು ಲೆಕ್ಕ ನೇರ ಮಾಡಿಕೊಳ್ಳೋಣ, ಏಕೆಂದರೆ ನಡಿಗೆಯ ಮೇಲೆ ಇಲ್ಲದ ಭಾರ ಹೊರಿಸುವುದು ಈ ವಿಷಯದಲ್ಲಿ ಮಾಮೂಲಿ ತಪ್ಪು. 70 ಕಿಲೊ ತೂಕದ ಒಬ್ಬರು ಒಂದು ಕಿಲೊಮೀಟರ್ ನಡೆದರೆ, ಸುಮ್ಮನೆ ಕೂತಿದ್ದಾಗ ಖರ್ಚಾಗುವುದಕ್ಕಿಂತ ಹೆಚ್ಚಾಗಿ ಸುಮಾರು 35 ಕಿಲೊಕ್ಯಾಲೊರಿ ಖರ್ಚಾಗುತ್ತದೆ. 330 ಮಿ.ಲೀ. ಸಿಹಿ ತಂಪು ಪಾನೀಯದಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ 140 ಕಿಲೊಕ್ಯಾಲೊರಿ. ಒಂದು ಡಬ್ಬಿ ಕುಡಿದದ್ದಕ್ಕೆ ನಾಲ್ಕು ಕಿಲೊಮೀಟರ್ ನಡೆಯಬೇಕು. ಹಾಗಾದರೆ ನಡಿಗೆ ವ್ಯರ್ಥವೇ? ಅಲ್ಲಿಯೇ ಇನ್ನೊಂದು ಲೆಕ್ಕ ಇದೆ. ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದಂತೆ, ದಿನಕ್ಕೆ 24 ಕಿಲೊಕ್ಯಾಲೊರಿಯಷ್ಟು ಸಣ್ಣ ಬದಲಾವಣೆ ಕಾಯಂ ಆಗಿ ನಿಂತರೆ ತೂಕದಲ್ಲಿ ಕೊನೆಗೆ ಸುಮಾರು ಒಂದು ಕಿಲೊ ವ್ಯತ್ಯಾಸವಾಗುತ್ತದೆ. ಅದರಲ್ಲಿ ಅರ್ಧ ಆಗಲು ಒಂದು ವರ್ಷ, ಹೆಚ್ಚು ಕಡಿಮೆ ಪೂರ್ತಿ ಆಗಲು ಮೂರು ವರ್ಷ. 800 ಮೀಟರ್ ದೂರದ ಅಂಗಡಿಗೋ ಬಸ್ ನಿಲ್ದಾಣಕ್ಕೋ ದಿನಕ್ಕೊಮ್ಮೆ ಹೋಗಿ ಬಂದರೆ 1.6 ಕಿಲೊಮೀಟರ್, 56 ಕಿಲೊಕ್ಯಾಲೊರಿ. ಊಟ ಮೊದಲಿನಷ್ಟೇ ಇದ್ದರೆ ಮೂರು ವರ್ಷದಲ್ಲಿ ಎರಡು ಕಿಲೊಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ಮೂರು ತಿಂಗಳ ನಡಿಗೆಯ ಸಂಕಲ್ಪಕ್ಕೆ ಈ ಫಲ ಬರುವುದಿಲ್ಲ. ಸಂಕಲ್ಪವೇ ಬೇಡದೆ, ದಿನಾ ತಾನಾಗಿ ಆಗುವ ನಡಿಗೆಗೆ ಮಾತ್ರ ಬರುತ್ತದೆ. ನೆರೆಹೊರೆ ಮುಖ್ಯವಾಗುವುದು ಇದೇ ಕಾರಣಕ್ಕೆ. ಅದರ ಪ್ರಭಾವ ಸಣ್ಣದು, ಆದರೆ ಒಂದು ದಿನವೂ ರಜೆ ಹಾಕುವುದಿಲ್ಲ. ಇನ್ನು ರಕ್ತದ ಸಕ್ಕರೆ, ರಕ್ತದೊತ್ತಡ, ನಿದ್ದೆ, ಮನಸ್ಸಿನ ಹಗುರ, ಇವಕ್ಕೆಲ್ಲ ತೂಕ ಇಳಿಯದಿದ್ದರೂ ನಡಿಗೆಯಿಂದ ಲಾಭವಿದೆ. ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ನಡಿಗೆ ಬಿಟ್ಟವರು ನಿಜವಾಗಿಯೂ ಕೈಗೆ ಬಂದದ್ದನ್ನು ಬಿಟ್ಟವರು.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ ಮಾಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 10 ದೇಶಗಳ 14 ನಗರಗಳಲ್ಲಿ ಜೇಮ್ಸ್ ಸ್ಯಾಲಿಸ್ ತಂಡ ಜನರ ಸೊಂಟಕ್ಕೆ ಚಲನೆ ಅಳೆಯುವ ಯಂತ್ರ ಕಟ್ಟಿ ನೋಡಿ 2016ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಚಟುವಟಿಕೆಗೆ ಅತಿ ಅನುಕೂಲವಾದ ನೆರೆಹೊರೆಯವರಿಗೂ ಅತಿ ಅನನುಕೂಲವಾದ ಕಡೆಯವರಿಗೂ ನಡುವೆ ವಾರಕ್ಕೆ 68ರಿಂದ 89 ನಿಮಿಷಗಳ ಅಂತರ ಸಿಕ್ಕಿತು. ಅಂದರೆ ಶಿಫಾರಸಿನ ಹತ್ತಿರ ಹತ್ತಿರ ಅರ್ಧ ಭಾಗವನ್ನು ಬೀದಿಯೇ ಕೊಡುತ್ತದೆ, ಇಲ್ಲವೇ ಕಿತ್ತುಕೊಳ್ಳುತ್ತದೆ. ವ್ಯತ್ಯಾಸ ಮಾಡಿದ ಅಂಶಗಳು ನಾಲ್ಕು: ಮನೆಗಳ ಸಾಂದ್ರತೆ, ರಸ್ತೆಗಳು ಕೂಡುವ ಜಾಗಗಳ ಸಂಖ್ಯೆ, ಬಸ್ಸು ರೈಲುಗಳ ಲಭ್ಯತೆ, ಹತ್ತಿರದ ಪಾರ್ಕುಗಳು. ಅಮೆರಿಕದ ಅಟ್ಲಾಂಟಾ ನಗರದ 2004ರ ಅಧ್ಯಯನವೊಂದರಲ್ಲಿ ದಿನಕ್ಕೆ ಕಾರಿನಲ್ಲಿ ಕಳೆಯುವ ಪ್ರತಿ ಹೆಚ್ಚುವರಿ ಗಂಟೆಗೆ ಬೊಜ್ಜಿನ ಸಾಧ್ಯತೆ ಶೇ. 6ರಷ್ಟು ಹೆಚ್ಚಿದ್ದೂ, ನಡೆಯುವ ಪ್ರತಿ ಹೆಚ್ಚುವರಿ ಕಿಲೊಮೀಟರಿಗೆ ಶೇ. 4.8ರಷ್ಟು ಕಡಿಮೆ ಇದ್ದದ್ದೂ ಕಂಡುಬಂತು.

ಇಲ್ಲೊಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ನಡೆಯಲು ಇಷ್ಟಪಡುವವರೇ ನಡೆಯಬಹುದಾದ ಕಡೆ ಮನೆ ಹುಡುಕಿಕೊಂಡಿರಬಹುದಲ್ಲ? ಬೀದಿ ಜನರನ್ನು ರೂಪಿಸಿತೋ, ಜನರೇ ಬೀದಿಯನ್ನು ಆರಿಸಿಕೊಂಡರೋ? ಇದನ್ನು ಬಿಡಿಸಲು ಚೀಟಿ ಎತ್ತಬೇಕು, ಅಂಥದ್ದೊಂದು ನಿಜವಾಗಿಯೂ ನಡೆದಿದೆ. ಅಮೆರಿಕದಲ್ಲಿ 1994ರಿಂದ 1998ರವರೆಗೆ ಬಾಲ್ಟಿಮೋರ್, ಬಾಸ್ಟನ್, ಷಿಕಾಗೊ, ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕ್‌ಗಳ ಕಡುಬಡತನದ ಪ್ರದೇಶಗಳಲ್ಲಿದ್ದ ಕುಟುಂಬಗಳ ನಡುವೆ ಲಾಟರಿ ಎತ್ತಿ, ಕೆಲವರಿಗೆ ಬಡತನ ಕಡಿಮೆ ಇರುವ ಕಡೆ ಮನೆ ಮಾಡಲು ಬಾಡಿಗೆ ನೆರವು ಕೊಟ್ಟರು. ಹತ್ತರಿಂದ ಹದಿನೈದು ವರ್ಷಗಳ ನಂತರ ಮಹಿಳೆಯರ ತೂಕ ಮತ್ತು ರಕ್ತ ಪರೀಕ್ಷೆ ಮಾಡಿದರು. ನೆರವು ಸಿಕ್ಕ ಗುಂಪಿನಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 35 ದಾಟಿದವರ, ಅಂದರೆ ತೀವ್ರ ಬೊಜ್ಜಿನವರ, ಪ್ರಮಾಣ ಸುಮಾರು 4.6 ಶೇಕಡಾವಾರು ಅಂಶಗಳಷ್ಟು ಕಡಿಮೆ ಇತ್ತು, ಮಧುಮೇಹದ ಮಟ್ಟದ ರಕ್ತ ಸಕ್ಕರೆ ಇದ್ದವರ ಪ್ರಮಾಣವೂ ಸುಮಾರು ಅಷ್ಟೇ ಕಡಿಮೆ. 2011ರಲ್ಲಿ ಪ್ರಕಟವಾದ ಈ ಫಲಿತಾಂಶದ ವಿಶೇಷವೆಂದರೆ ಆ ಮಹಿಳೆಯರಿಗೆ ಯಾರೂ ಪಥ್ಯ ಹೇಳಿರಲಿಲ್ಲ, ವ್ಯಾಯಾಮ ಕಲಿಸಿರಲಿಲ್ಲ. ಬದಲಾದದ್ದು ವಿಳಾಸ. ವಿಳಾಸದೊಳಗಿನ ಯಾವ ಅಂಶ ಕೆಲಸ ಮಾಡಿತು, ಸುರಕ್ಷತೆಯೋ ಅಂಗಡಿಯೋ ಆತಂಕ ಇಳಿದದ್ದೋ, ಎಂದು ಬೇರ್ಪಡಿಸಲು ಆ ಅಧ್ಯಯನದಿಂದ ಆಗಲಿಲ್ಲ. 2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅಮೆರಿಕದೊಳಗೆ ಊರು ಬದಲಿಸಿದವರ ಫೋನುಗಳ ಹೆಜ್ಜೆ ಲೆಕ್ಕ ಹಿಡಿಯಿತು. ನಡಿಗೆಗೆ ಹೆಚ್ಚು ಅನುಕೂಲವಾದ ನಗರಕ್ಕೆ ಹೋದವರ ಹೆಜ್ಜೆಗಳು ದಿನಕ್ಕೆ ಸುಮಾರು 1,100ರಷ್ಟು ಏರಿದವು. ಅಷ್ಟು ಹೆಜ್ಜೆ ಅಂದರೆ ಎಂಟುನೂರು ಮೀಟರ್ ಚಿಲ್ಲರೆ.

ಆ ಎಂಟುನೂರು ಮೀಟರಿನಲ್ಲಿ ಏನೇನು ಮುರಿದುಹೋಗುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಡಿಗೆ ಒಂದು ಸರಪಳಿ ಇದ್ದ ಹಾಗೆ. ಏಳುನೂರು ಮೀಟರ್ ಚೆಂದದ ಫುಟ್‌ಪಾತ್ ಇದ್ದು ಕೊನೆಯ ನೂರು ಮೀಟರಿನಲ್ಲಿ ದಾಟಲಾಗದ ರಸ್ತೆ ಇದ್ದರೆ, ಆ ಏಳುನೂರು ಮೀಟರಿಗೂ ಬೆಲೆ ಇಲ್ಲ.

ಮೊದಲನೆಯದು ಸುತ್ತು. ನಡೆಯಬೇಕಾದ ದೂರವನ್ನು ನೇರ ದೂರದಿಂದ ಭಾಗಿಸಿ ನೋಡಿ. ಒತ್ತೊತ್ತಾಗಿ ಅಡ್ಡರಸ್ತೆಗಳಿರುವ ಚೌಕುಳಿ ಜಾಲದಲ್ಲಿ ಈ ಅನುಪಾತ ಹೆಚ್ಚೆಂದರೆ 1.4 ಬರುತ್ತದೆ. ಆರಂಭದಲ್ಲಿ ಹೇಳಿದ ಮನೆಗೆ ಅದು 7. ಎರಡು ದಾಟಿದರೆ ಆ ದಾರಿಯಲ್ಲಿ ಕಾಲ್ನಡಿಗೆಯನ್ನು ನಿರೀಕ್ಷಿಸಬೇಡಿ. ಮುಚ್ಚಿದ ತುದಿಯ ಓಣಿಗಳು, ಒಂದೇ ಗೇಟಿನ ಬಡಾವಣೆಗಳು, ನಡುವೆ ಅಡ್ಡ ಮಲಗಿದ ದೊಡ್ಡ ಆವರಣಗಳು ಇದನ್ನು ಹಿಗ್ಗಿಸುತ್ತವೆ. ಓಣಿಯ ತುದಿಯಲ್ಲಿ ವಾಹನಕ್ಕೆ ದಾರಿ ಬೇಡವಾದರೂ ಮನುಷ್ಯರಿಗೆ ಒಂದು ಕಿಂಡಿ ಬಿಟ್ಟರೆ ಸಾಕು, ಅನುಪಾತ ಕುಸಿಯುತ್ತದೆ.

ಎರಡನೆಯದು ಫುಟ್‌ಪಾತ್. ಎರಡು ಗಾಲಿಕುರ್ಚಿಗಳು ಎದುರುಬದುರು ಸಾಗಲು 1.8 ಮೀಟರ್ ಅಗಲ ಬೇಕು. ಕಾಗದದ ಮೇಲೆ 1.8 ಇರುವ ಫುಟ್‌ಪಾತಿನಲ್ಲಿ ವಿದ್ಯುತ್ ಪೆಟ್ಟಿಗೆ, ಮರದ ಕಟ್ಟೆ, ನಿಲ್ಲಿಸಿದ ಬೈಕು ಕಳೆದರೆ ಉಳಿಯುವುದು ಎಷ್ಟೋ ಕಡೆ ಅರವತ್ತು ಸೆಂಟಿಮೀಟರ್. ಅಳೆಯಬೇಕಾದದ್ದು ಆ ಉಳಿದ ಅಗಲವನ್ನು. ಪ್ರತಿ ಮನೆಯ ಗಾಡಿ ಒಳಹೋಗಲು ಫುಟ್‌ಪಾತನ್ನು ಇಳಿಸಿ ಏರಿಸಿದ್ದರೆ, ಮಂಡಿ ನೋವಿನವರು ಮತ್ತು ಮಗುವಿನ ಗಾಡಿ ತಳ್ಳುವವರು ಅದನ್ನು ಬಿಟ್ಟು ರಸ್ತೆಗೇ ಇಳಿಯುತ್ತಾರೆ. ತಪ್ಪು ಅವರದಲ್ಲ. ಫುಟ್‌ಪಾತಿನ ಮಟ್ಟ ಹಾಗೇ ಮುಂದುವರಿದು ಗಾಡಿಯೇ ಹತ್ತಿ ಇಳಿಯುವಂತೆ ಕಟ್ಟಬೇಕಿತ್ತು.

ಮೂರನೆಯದು ದಾಟುವಿಕೆ. ಹೆಚ್ಚಿನ ನಡಿಗೆ ಸಾಯುವುದು ಇಲ್ಲಿ. ಪಾದಚಾರಿ ಸಿಗ್ನಲ್ ಹೊಂದಿಸುವಾಗ ಬಹುಕಾಲ ಬಳಸಿದ ವೇಗ ಸೆಕೆಂಡಿಗೆ 1.2 ಮೀಟರ್. ಇಂಗ್ಲೆಂಡಿನಲ್ಲಿ 65 ದಾಟಿದವರ ನಡಿಗೆ ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರ ಸರಾಸರಿ 0.9, ಹೆಂಗಸರದು 0.8 ಮೀಟರ್. ಈಗ 14 ಮೀಟರ್ ಅಗಲದ ರಸ್ತೆಯೊಂದನ್ನು ಎದುರಿಗಿಡಿ. ಸಿಗ್ನಲ್ ಕೊಡುವುದು 12 ಸೆಕೆಂಡ್. ಅಜ್ಜನಿಗೆ ಬೇಕಾಗುವುದು ಹದಿನೈದೂವರೆ, ಅಜ್ಜಿಗೆ ಹದಿನೇಳೂವರೆ. ಹಸಿರು ಆರಿದಾಗ ಅಜ್ಜಿ ಇನ್ನೂ ನಾಲ್ಕು ಮೀಟರ್ ಈಚೆ ಇರುತ್ತಾರೆ, ಎದುರಿಗೆ ಹೊರಡಲು ತಯಾರಾದ ವಾಹನಗಳ ಸಾಲು. ಒಮ್ಮೆ ಹೀಗಾದರೆ ಮಾರನೆಯ ದಿನ ಅವರು ಆ ರಸ್ತೆ ದಾಟುವುದಿಲ್ಲ. ಆರು ತಿಂಗಳಲ್ಲಿ ನಡೆಯುವ ಅಭ್ಯಾಸ ತಪ್ಪಿ ವೇಗ ಇನ್ನೂ ಇಳಿದಿರುತ್ತದೆ. ಇದಕ್ಕೆ ಮದ್ದು ತೀರ ಸರಳ: ಹಸಿರಿನ ಅವಧಿಗೆ ಆರು ಸೆಕೆಂಡ್ ಸೇರಿಸುವುದು, ಇಲ್ಲವೇ ರಸ್ತೆಯ ನಡುವೆ ನಿಂತು ಉಸಿರೆಳೆದುಕೊಳ್ಳಲು ಎರಡು ಮೀಟರ್ ಅಗಲದ ಕಟ್ಟೆ ಮಾಡುವುದು. ಆದರೆ ಬಹಳ ಕಡೆ ಕಟ್ಟುವುದು ಪಾದಚಾರಿ ಮೇಲ್ಸೇತುವೆ. ದೊಡ್ಡ ವಾಹನಗಳು ಕೆಳಗೆ ಹಾಯಬೇಕೆಂದರೆ ಅದರ ಹಾಸು ಸುಮಾರು ಆರು ಮೀಟರ್ ಎತ್ತರದಲ್ಲಿರಬೇಕು. 15 ಸೆಂಟಿಮೀಟರಿಗೊಂದು ಮೆಟ್ಟಿಲೆಂದರೆ ಹತ್ತಲು ನಲವತ್ತು, ಇಳಿಯಲು ನಲವತ್ತು. 14 ಮೀಟರ್ ದಾಟಲು ಎಂಬತ್ತು ಮೆಟ್ಟಿಲು ಕೇಳುವ ರಚನೆಯನ್ನು ಪಾದಚಾರಿಗಳ ಅನುಕೂಲ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅದು ವಾಹನಗಳ ಅನುಕೂಲ.

ನೆರಳು, ಬೆಳಕು, ಕೂರುವ ಜಾಗ ಇವನ್ನು ಅಲಂಕಾರವೆಂದು ಪಟ್ಟಿಯ ಕೊನೆಗೆ ತಳ್ಳುತ್ತಾರೆ. ಬ್ರಿಟನ್ನಿನ ಮಾರ್ಗಸೂಚಿ ಜನ ಹೆಚ್ಚು ಓಡಾಡುವ ಕಡೆ 50 ಮೀಟರಿಗೊಂದು ಆಸನ ಇರಲಿ ಎನ್ನುತ್ತದೆ. ನೂರು ಮೀಟರ್ ನಡೆದು ಸುಸ್ತಾಗುವವರಿಗೆ ಆ ಬೆಂಚು ಇದ್ದರೆ ಎಂಟುನೂರು ಮೀಟರ್ ಸಾಧ್ಯ, ಇಲ್ಲದಿದ್ದರೆ ಮನೆಯೇ ಗತಿ. ದೀಪದ ವಿಷಯದಲ್ಲಿ ಆಗುವ ಎಡವಟ್ಟು ಬೇರೆ ಥರದ್ದು. ಎತ್ತರದ ಕಂಬದ ದೀಪ ರಸ್ತೆಯ ಮೇಲೆ ಬೀಳುತ್ತದೆ, ಮರದ ಕೆಳಗಿನ ಫುಟ್‌ಪಾತ್ ಕತ್ತಲಲ್ಲೇ ಉಳಿಯುತ್ತದೆ. ಕೆಲಸ ಮುಗಿಸಿ ಕತ್ತಲಾದ ಮೇಲೆ ಬರುವ ಹೆಣ್ಣುಮಕ್ಕಳಿಗೆ ಆ ದಾರಿ ಇಲ್ಲವೆಂದೇ ಲೆಕ್ಕ. ಮರದ ಕೊಂಬೆಗಿಂತ ಕೆಳಗೆ ಇನ್ನೊಂದು ದೀಪ ಕೂರಿಸಿದರೆ ಮುಗಿಯಿತು.

ಪಾರ್ಕ್ ಬಗ್ಗೆ ಒಂದು ಮಾತು. ಮನೆಯಿಂದ 300 ಮೀಟರಿನೊಳಗೆ ಅರ್ಧದಿಂದ ಒಂದು ಹೆಕ್ಟೇರಿನಷ್ಟಾದರೂ ಹಸಿರು ಜಾಗವಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿಯ ಸಲಹೆ. ಒಂದು ಹೆಕ್ಟೇರಿನ ಚೌಕದ ಸುತ್ತಳತೆ 400 ಮೀಟರ್. ಅದಕ್ಕೆ ಒಂದೇ ಗೇಟಿದ್ದರೆ ಎದುರು ಬದಿಯವರು ಬೇಲಿ ಸುತ್ತಿ 200 ಮೀಟರ್ ಹೆಚ್ಚು ನಡೆಯಬೇಕು, ಆಗ ಸಲಹೆಯ 300 ಮೀಟರಿನ ಬಹುಪಾಲು ಬೇಲಿಗೇ ಖರ್ಚು. ನಾಲ್ಕೂ ಬದಿಗೆ ಬಾಗಿಲಿಟ್ಟರೆ ಪಾರ್ಕು ದಾರಿಯ ಭಾಗವಾಗುತ್ತದೆ. ಅಂಗಡಿಗೆ ಹೋಗುವವರೂ ಶಾಲೆಯಿಂದ ಬರುವವರೂ ಅದರೊಳಗೇ ಹಾದುಹೋಗುತ್ತಾರೆ, ಜನ ಓಡಾಡುವ ಕಡೆ ಭಯವೂ ಕಡಿಮೆ. ಜಾಗವೇ ಇಲ್ಲದ ಕಡೆ ರಸ್ತೆಯನ್ನೇ ಕೊಡಬಹುದು. ಕೊಲಂಬಿಯಾದ ಬೊಗೊಟಾ ನಗರ 1974ರಿಂದ ಅದನ್ನು ಮಾಡುತ್ತಿದೆ. ಅಲ್ಲಿ ಭಾನುವಾರ ಮತ್ತು ರಜಾ ದಿನಗಳಂದು ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರಕ್ಕೂ ಹೆಚ್ಚು ಕಿಲೊಮೀಟರ್ ರಸ್ತೆಗಳು ನಡೆಯುವವರಿಗೆ, ಸೈಕಲ್ಲಿನವರಿಗೆ ಮೀಸಲು.

ಇನ್ನು ಊಟದ ಕಡೆಗೆ. ಇಲ್ಲಿ ಒಳ್ಳೆಯ ಉದ್ದೇಶಗಳು ಹೆಚ್ಚು ಸೋತಿವೆ. ತಾಜಾ ಆಹಾರ ಸಿಗದ ಪ್ರದೇಶದಲ್ಲಿ ದೊಡ್ಡ ಅಂಗಡಿ ತೆರೆದರೆ ಜನ ಚೆನ್ನಾಗಿ ಉಣ್ಣುತ್ತಾರೆ ಎಂಬ ನಂಬಿಕೆ ಬಹಳ ಕಾಲ ಇತ್ತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹಾಗೆ ತೆರೆದು ನೋಡಿದಾಗ, ಈಗ ತಾಜಾ ಆಹಾರ ಸುಲಭವಾಗಿ ಸಿಗುತ್ತದೆ ಎಂದು ಜನ ಹೇಳಿದರು, ಆದರೆ ತಿನ್ನುವ ಹಣ್ಣು ತರಕಾರಿಯ ಪ್ರಮಾಣವೂ ಬದಲಾಗಲಿಲ್ಲ, ಬಿಎಂಐಯೂ ಬದಲಾಗಲಿಲ್ಲ. 2014ರಲ್ಲಿ ಆ ಫಲಿತಾಂಶ ಬಂತು. ಅಮೆರಿಕದಾದ್ಯಂತ ಮನೆಗಳ ಖರೀದಿ ನೋಡಿದ 2019ರ ಅಧ್ಯಯನ ಇನ್ನೂ ಖಡಕ್ಕಾಗಿ ಹೇಳಿತು: ಬಡವರಿಗೂ ಸಿರಿವಂತರಿಗೂ ಸಿಗುವ ಸರಕು ಮತ್ತು ಬೆಲೆಯನ್ನು ಸರಿಸಮ ಮಾಡಿದರೂ ಪೌಷ್ಟಿಕತೆಯ ಅಂತರದಲ್ಲಿ ಸುಮಾರು ಹತ್ತನೇ ಒಂದು ಭಾಗವಷ್ಟೇ ಮುಚ್ಚುತ್ತದೆ. ಲಾಸ್ ಏಂಜಲೀಸ್ 2008ರಲ್ಲಿ ನಗರದ ದಕ್ಷಿಣ ಭಾಗದಲ್ಲಿ ಹೊಸ ಫಾಸ್ಟ್‌ಫುಡ್ ಅಂಗಡಿಗಳನ್ನು ತಡೆಯಿತು. 2015ರಲ್ಲಿ ಲೆಕ್ಕ ಹಾಕಿದರೆ ಬೊಜ್ಜು ಇಳಿದಿರಲಿಲ್ಲ. ಆ ನಿಯಮ ಸ್ವತಂತ್ರ ಕಟ್ಟಡದಲ್ಲಿ ಹೊಸದಾಗಿ ತೆರೆಯುವ ಅಂಗಡಿಗಳನ್ನಷ್ಟೇ ತಡೆದಿತ್ತು. ಇದ್ದವು ಹಾಗೇ ಇದ್ದವು, ಆ ಭಾಗದಲ್ಲಿ ಹೊಸದಾಗಿ ಬರುತ್ತಿದ್ದವುಗಳಲ್ಲಿ ಹೆಚ್ಚಿನವು ಪೊಟ್ಟಣ ಮಾರುವ ಸಣ್ಣ ಅಂಗಡಿಗಳು. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗಾಯಿತು.

ಸಣ್ಣ ಅಂಗಡಿಯವರನ್ನು ಬೈಯುವುದಕ್ಕೆ ಮುಂಚೆ ಅವರ ಕಪಾಟಿನ ಮುಂದೆ ನಿಂತು ನೋಡಬೇಕು. ಸೊಪ್ಪು ಎರಡು ದಿನದಲ್ಲಿ ಬಾಡುತ್ತದೆ, ಮಾರಾಟವಾಗದ್ದು ಪೂರ್ತಿ ನಷ್ಟ. ಕರಿದ ತಿನಿಸಿನ ಪೊಟ್ಟಣ ತಿಂಗಳುಗಟ್ಟಲೆ ಕೆಡದು, ಹಳೆಯದನ್ನು ಎಷ್ಟೋ ಬಾರಿ ಕಂಪನಿಯವರೇ ವಾಪಸ್ ಒಯ್ಯುತ್ತಾರೆ. ಪಾನೀಯ ಕಂಪನಿಗಳು ಫ್ರಿಜ್ಜನ್ನೇ ಉಚಿತವಾಗಿ ಕೊಡುವುದುಂಟು, ತಮ್ಮ ಬಾಟಲಿ ಬಿಟ್ಟು ಬೇರೆ ಇಡಬಾರದು ಎಂಬ ಷರತ್ತಿನ ಮೇಲೆ. ಅಂಗಡಿಯಲ್ಲಿ ತಣ್ಣಗಿರುವ ಏಕೈಕ ಜಾಗ ಸಕ್ಕರೆ ನೀರಿಗೆ ಮೀಸಲಾದ ಮೇಲೆ ಹಣ್ಣು ಎಲ್ಲಿ ಇಡಬೇಕು? ಹಾಗಾಗಿ ಅಂಗಡಿಗೆ ನೆರವು ಕೊಡುವುದಾದರೆ ಷರತ್ತಿಲ್ಲದ ಒಂದು ಸಣ್ಣ ಫ್ರಿಜ್ಜಿನಿಂದ ಶುರು ಮಾಡಬೇಕು, ಆಮೇಲೆ ನಾಲ್ಕೈದು ಅಂಗಡಿಯವರು ಸೇರಿ ದಿನಾ ಸ್ವಲ್ಪ ಸ್ವಲ್ಪ ತರಿಸುವ ಏರ್ಪಾಡು.

ಕೆಲಸ ಮಾಡುವಂತೆ ಕಾಣುವುದು ಕಣ್ಣಿಗೆ ಬೀಳುವುದನ್ನು ಬದಲಿಸುವ ಕ್ರಮಗಳು. ಇಂಗ್ಲೆಂಡ್ 2022ರ ಅಕ್ಟೋಬರಿನಿಂದ 185.8 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳಲ್ಲಿ ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ಬಿಲ್ ಕೌಂಟರ್, ಬಾಗಿಲು ಮತ್ತು ಸಾಲುಗಳ ತುದಿಯಲ್ಲಿ ಇಡುವುದನ್ನು ನಿಲ್ಲಿಸಿತು. ಲಂಡನ್ನಿನ ಬಸ್ಸು ರೈಲುಗಳಲ್ಲಿ ಇಂಥ ತಿನಿಸುಗಳ ಜಾಹೀರಾತು 2019ರ ಫೆಬ್ರುವರಿಯಲ್ಲಿ ನಿಂತಿತು. ನಿಲ್ಲದಿದ್ದರೆ ಆಗಬಹುದಾಗಿದ್ದ ಖರೀದಿಗೆ ಹೋಲಿಸಿದರೆ ವಾರಕ್ಕೆ ಒಂದು ಮನೆಯ ಖರೀದಿಯಲ್ಲಿ ಇಂಥ ತಿನಿಸುಗಳಿಂದ ಬರುವ ಸುಮಾರು 1,000 ಕಿಲೊಕ್ಯಾಲೊರಿ ಕಡಿಮೆ ಎಂದು 2022ರ ವಿಶ್ಲೇಷಣೆ ಅಂದಾಜಿಸಿತು. ಮೇಲಿನ ನಡಿಗೆಯ ಲೆಕ್ಕದಲ್ಲಿ ಅದು ಸುಮಾರು 29 ಕಿಲೊಮೀಟರಿಗೆ ಸಮ, ಒಬ್ಬರೂ ಒಂದು ಹೆಜ್ಜೆ ಹೆಚ್ಚು ಇಡದೆ.

ಗದ್ದಲವನ್ನು ಯಾರೂ ಬೊಜ್ಜಿನ ಜೊತೆ ಸೇರಿಸುವುದಿಲ್ಲ, ಸೇರಿಸಬೇಕು. 2004ರ ಒಂದು ಪ್ರಯೋಗದಲ್ಲಿ 12 ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಹೊಟ್ಟೆ ತುಂಬಿದ್ದನ್ನು ಮಿದುಳಿಗೆ ತಿಳಿಸುವ ಲೆಪ್ಟಿನ್ ಶೇ. 18 ಇಳಿಯಿತು, ಹಸಿವು ಕೆರಳಿಸುವ ಗ್ರೆಲಿನ್ ಶೇ. 28 ಏರಿತು. ರಾತ್ರಿಯ ವಾಹನ ಸದ್ದು 45 ಡೆಸಿಬೆಲ್ ಒಳಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2018ರಲ್ಲಿ ಹೇಳಿತು. ಹಾರ್ನ್ ಮೊಳಗುವ ಕೂಡುರಸ್ತೆಯ ಪಕ್ಕದ ಕೋಣೆಯಲ್ಲಿ ಮಲಗುವವರಿಗೆ ಮರುದಿನದ ಹಸಿವು ರಸ್ತೆಯಿಂದಲೇ ಬಂದಿರಬಹುದು. ಮಲಗುವ ಕೋಣೆಯನ್ನು ಹಿಂಬದಿಗೆ ಬದಲಿಸುವುದು, ಕಿಟಕಿಯ ಸಂದುಗಳಿಗೆ ರಬ್ಬರ್ ಪಟ್ಟಿ ಹಾಕುವುದು, ಇಷ್ಟಕ್ಕೆ ಯಾರ ಅನುಮತಿಯೂ ಬೇಡ.

ನಿಮ್ಮ ನೆರೆಹೊರೆಯನ್ನು ನೀವೇ ಅಳೆಯಬಹುದು. ನಕ್ಷೆಯಲ್ಲಿ ಮನೆಯ ಸುತ್ತ 800 ಮೀಟರಿನ ವೃತ್ತ ಎಳೆದು, ದಿನಾ ಬೇಕಾಗುವ ಐದು ಜಾಗ ಗುರುತಿಸಿ: ತರಕಾರಿ, ಶಾಲೆ, ಬಸ್ಸು, ಪಾರ್ಕು, ಔಷಧಿ. ಪ್ರತಿಯೊಂದಕ್ಕೂ ಎರಡು ಸಲ ನಡೆಯಿರಿ, ಒಮ್ಮೆ ಬೆಳಗ್ಗೆ ಶಾಲೆಯ ಹೊತ್ತಿಗೆ, ಒಮ್ಮೆ ಕತ್ತಲಾದ ಮೇಲೆ. ಒಬ್ಬರೇ ಹೋಗಬೇಡಿ. ಎಪ್ಪತ್ತು ದಾಟಿದ ಒಬ್ಬರನ್ನು, ಇಲ್ಲವೇ ಮಗುವಿನ ಗಾಡಿಯನ್ನು ಜೊತೆಗೆ ಒಯ್ಯಿರಿ, ಏಕೆಂದರೆ ಗಟ್ಟಿ ಕಾಲಿನವರಿಗೆ ಅಡ್ಡಿಗಳು ಕಾಣುವುದೇ ಇಲ್ಲ. ಫುಟ್‌ಪಾತಿನಿಂದ ರಸ್ತೆಗೆ ಇಳಿಯಬೇಕಾದ ಪ್ರತಿ ಜಾಗಕ್ಕೂ ನಕ್ಷೆಯಲ್ಲಿ ಒಂದು ಸಂಖ್ಯೆ ಹಾಕಿ, ಫೋಟೊ ತೆಗೆಯಿರಿ. ಸಿಗ್ನಲ್ಲಿನ ಹಸಿರನ್ನು ಫೋನಿನ ಗಡಿಯಾರದಲ್ಲಿ ಅಳೆಯಿರಿ, ರಸ್ತೆಯ ಅಗಲವನ್ನು 0.8ರಿಂದ ಭಾಗಿಸಿ ಪಕ್ಕದಲ್ಲಿ ಬರೆಯಿರಿ. 400 ಮೀಟರಿನೊಳಗೆ ತಾಜಾ ಪದಾರ್ಥ ಮಾರುವ ಅಂಗಡಿಗಳೆಷ್ಟು, ಪೊಟ್ಟಣ ಮಾತ್ರ ಮಾರುವವೆಷ್ಟು ಎಂದು ಎಣಿಸಿ. ಒಂದೆರಡು ಬೆಳಗು, ಒಂದೆರಡು ಸಂಜೆಗಳ ಕೆಲಸ.

ಕೊನೆಗೆ ಪಟ್ಟಿಯಲ್ಲಿ ಮೂವತ್ತು ದೋಷ ಇರುತ್ತವೆ, ಮೂವತ್ತನ್ನೂ ಬರೆದು ಅರ್ಜಿ ಕೊಟ್ಟರೆ ಒಂದೂ ಆಗುವುದಿಲ್ಲ. ಐದು ದಾರಿಗಳಲ್ಲಿ ಹೆಚ್ಚು ದಾರಿಗಳಿಗೆ ಅಡ್ಡ ಬರುವ ಒಂದೇ ಮುರಿತ ಯಾವುದೆಂದು ನೋಡಿ ಅದೊಂದನ್ನೇ ಕೇಳಿ, ಅಳತೆ ಮತ್ತು ದಿನಾಂಕವಿರುವ ಫೋಟೊ ಸಮೇತ. ಈ ಹಂತದಲ್ಲಿ ವ್ಯಾಯಾಮದ ಯಂತ್ರಗಳನ್ನು ಕೇಳುವ ಆಸೆ ಬರುತ್ತದೆ. ಅವು ಬೇಗ ಬರುತ್ತವೆ, ಉದ್ಘಾಟನೆಗೂ ಒದಗುತ್ತವೆ, ಆದರೆ ಪಾರ್ಕಿಗೆ ದಾಟಿ ಬರಲಾಗದವರಿಗೆ ಅವು ಇದ್ದೂ ಇಲ್ಲದ ಹಾಗೆ. ಬಾಡಿಗೆದಾರರನ್ನೂ ಮಾತಿಗೆ ಕರೆಯಿರಿ. ಬೀದಿ ಚೆನ್ನಾದರೆ ಬಾಡಿಗೆ ಏರುವುದು ಸಾಮಾನ್ಯ, ಅದರ ಫಲ ಉಣ್ಣುವ ಮೊದಲೇ ಅವರು ಖಾಲಿ ಮಾಡಿ ಹೋಗುವಂತಾಗಬಾರದು.

ಮೊದಲು ಹೇಳಿದ ಗೋಡೆಯಲ್ಲಿ ಕಿಂಡಿ ತೆರೆಸುವುದಾದರೆ ಅಗಲ ಒಂದೂವರೆ ಮೀಟರ್ ಇರಲಿ. ಬೈಕು ನುಗ್ಗುತ್ತದೆ ಎನ್ನುವುದು ನಿವಾಸಿಗಳ ಮೊದಲ ತಕರಾರು, ಅದು ಸುಳ್ಳೂ ಅಲ್ಲ. ಎರಡು ಅಡ್ಡ ಕಂಬಿಗಳನ್ನು ಹಿಂದೆ ಮುಂದೆ ಎದುರುಬದುರಾಗಿ ನೆಟ್ಟು, ನಡುವೆ ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಬಿಟ್ಟರೆ ಬೈಕಿನವರಿಗೆ ಅದು ಲಾಭದ ದಾರಿಯಾಗುವುದಿಲ್ಲ. ಎರಡನೆಯ ತಕರಾರು ಕಳ್ಳರದು. ಅದಕ್ಕೆ ದೀಪ ಹಾಕಿ, ರಾತ್ರಿ ಹತ್ತಕ್ಕೆ ಮುಚ್ಚಿ ಬೆಳಗ್ಗೆ ಐದಕ್ಕೆ ತೆರೆಯುವ ವೇಳೆ ಗೊತ್ತು ಮಾಡಿ. ಮತ್ತು ಕೀಲಿ ಯಾರ ಕೈಯಲ್ಲಿರುತ್ತದೆ, ಅವರು ಊರಿಗೆ ಹೋದಾಗ ಯಾರಿಗೆ ಕೊಟ್ಟು ಹೋಗುತ್ತಾರೆ ಎಂಬುದನ್ನು ಮೊದಲ ಸಭೆಯಲ್ಲೇ ಹೆಸರು ಹಾಕಿ ಬರೆದಿಡಿ. ಇಂಥ ಕಿಂಡಿಗಳು ಮುಚ್ಚಿಹೋಗುವುದು ವಿರೋಧದಿಂದಲ್ಲ, ಒಂದು ಬೆಳಗ್ಗೆ ಬೀಗ ತೆಗೆಯುವವರಿಲ್ಲದೆ.